ಪ್ರೊಪೆಲ್ಲರಿನ ಬಿರುಕನ್ನು ಹುಡುಕುವ ಬಗೆ

ವಿಮಾನದ ಹತ್ತಿರ ಹೋದವರ ಕಣ್ಣಿಗೆ ಮೊದಲು ಬೀಳುವುದು ಪ್ರೊಪೆಲ್ಲರ್. ಹಾಗಿದ್ದರೂ ಹಾರಾಟಕ್ಕೆ ಮುಂಚಿನ ತಪಾಸಣೆಯಲ್ಲಿ ಅನೇಕರು ಇಂಜಿನ್ನಿನ ಎಣ್ಣೆಗೂ ಇಂಧನಕ್ಕೂ ಕೊಡುವಷ್ಟು ಹೊತ್ತನ್ನು ಅದಕ್ಕೆ ಕೊಡುವುದಿಲ್ಲ. ಬ್ಲೇಡಿನ ಮೇಲೆ ಒಮ್ಮೆ ಕೈಯಾಡಿಸಿ ಮುಂದೆ ಸಾಗುತ್ತಾರೆ. ಸಣ್ಣ ಪಿಸ್ಟನ್ ಇಂಜಿನ್ ವಿಮಾನಗಳ ಮಾಲೀಕರು, ಪೈಲಟ್‌ಗಳು ಮತ್ತು ನಿರ್ವಹಣೆಯ ಕೆಲಸವನ್ನು ಈಗಷ್ಟೇ ಕಲಿಯುತ್ತಿರುವವರು ಬ್ಲೇಡಿನಲ್ಲೂ ಹಬ್‌ನಲ್ಲೂ ಬಿರುಕನ್ನು ಹೇಗೆ ಹುಡುಕಬೇಕು, ಯಾವುದನ್ನು ತಾವೇ ನೋಡಬಹುದು, ಎಲ್ಲಿಗೆ ಬಂದಾಗ ಕೈ ಹಿಂತೆಗೆದು ಪರವಾನಗಿ ಉಳ್ಳ ಪ್ರೊಪೆಲ್ಲರ್ ಕಾರ್ಯಾಗಾರಕ್ಕೆ ಒಪ್ಪಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಮಾದರಿಯಿಂದ ಮಾದರಿಗೆ ಅಳತೆಗಳೂ ಮಿತಿಗಳೂ ಬದಲಾಗುವುದರಿಂದ ತಯಾರಕರ ಕೈಪಿಡಿಯೇ ಕೊನೆಯ ಮಾತು. ಈ ಬರಹ ಆ ಕೈಪಿಡಿಯನ್ನು ಓದುವ ಕಣ್ಣನ್ನು ಹದಗೊಳಿಸಬಹುದೇ ಹೊರತು ಅದರ ಜಾಗದಲ್ಲಿ ನಿಲ್ಲಲಾರದು.

ಬಿರುಕು ಹುಟ್ಟುವ ರೀತಿ

ಪ್ರೊಪೆಲ್ಲರ್ ತಿರುಗುವಾಗ ಒಂದೊಂದು ಬ್ಲೇಡನ್ನೂ ಹಬ್‌ನಿಂದ, ಅಂದರೆ ಬ್ಲೇಡುಗಳ ಬುಡವನ್ನು ಹಿಡಿದಿರುವ ನಡುವಿನ ಭಾಗದಿಂದ, ಹೊರಕ್ಕೆ ಎಳೆಯುವ ಕೇಂದ್ರಾಪಗಾಮಿ ಬಲವು 10ರಿಂದ 25 ಟನ್‌ಗಳಷ್ಟಿರುತ್ತದೆ. ಈ ಎಳೆತ ಒಂದೇ ಆಗಿದ್ದರೆ ಲೋಹ ತಡೆದುಕೊಳ್ಳುತ್ತಿತ್ತು. ಆದರೆ ಅದರ ಜೊತೆಗೆ ಗಾಳಿಯನ್ನು ಹಿಂದಕ್ಕೆ ತಳ್ಳುವಾಗಿನ ಬಾಗುವಿಕೆ, ತಿರುಚುವಿಕೆ, ಸಿಲಿಂಡರುಗಳಲ್ಲಿ ಇಂಧನ ಉರಿದಾಗಲೆಲ್ಲ ಇಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮೂಲಕ ಬರುವ ಕಂಪನ, ಇವೆಲ್ಲವೂ ಸೇರಿ ಬ್ಲೇಡನ್ನು ಹಿಂದೆ ಮುಂದೆ ಕುಣಿಸುತ್ತಿರುತ್ತವೆ. ನಿಮಿಷಕ್ಕೆ 2400 ಸುತ್ತಿನ ವೇಗದಲ್ಲಿ ಒಂದು ಗಂಟೆ ಹಾರಿದರೆ ಬ್ಲೇಡು 1 ಲಕ್ಷ 44 ಸಾವಿರ ಸುತ್ತು ತಿರುಗಿರುತ್ತದೆ. ನೂರು ಗಂಟೆಗೆ ಅದು 1 ಕೋಟಿ 44 ಲಕ್ಷವಾಗುತ್ತದೆ. ತಂತಿಯೊಂದನ್ನು ಅತ್ತಿತ್ತ ಬಗ್ಗಿಸುತ್ತಾ ಹೋದರೆ ಕೊನೆಗೆ ಅದು ತುಂಡಾಗುವುದನ್ನು ಎಲ್ಲರೂ ನೋಡಿದ್ದೇವೆ. ಬ್ಲೇಡಿಗೂ ಬರುವುದು ಅದೇ ಜಾತಿಯ ಲೋಹದ ದಣಿವು. ಬಾಗುವಿಕೆ ಕಣ್ಣಿಗೆ ಕಾಣದಷ್ಟು ಚಿಕ್ಕದು, ಸುತ್ತುಗಳ ಲೆಕ್ಕ ಮಾತ್ರ ಬಹಳ ದೊಡ್ಡದು.

ನಯವಾದ, ಎಲ್ಲೂ ಮುರಿಯದ ಮೇಲ್ಮೈಯ ಮೇಲೆ ಈ ಒತ್ತಡ ಹರಡಿಕೊಂಡು ಸಾಗುತ್ತದೆ. ಓಡುದಾರಿಯ ಮೇಲಿನ ಕಲ್ಲೊಂದು ಸಿಡಿದು ಅಂಚಿನಲ್ಲಿ ಚೂಪಾದ ಕಚ್ಚು ಬಿದ್ದರೆ, ಅಥವಾ ಬಣ್ಣ ಎದ್ದ ಜಾಗದಲ್ಲಿ ತೇವ ಕುಳಿತು ಕಿಲುಬು ಹಿಡಿದು ಸೂಜಿಮೊನೆಯಷ್ಟು ಗುಳಿಯಾದರೆ, ಒತ್ತಡ ಆ ಕಚ್ಚಿನ ತಳದಲ್ಲಿ, ಆ ಗುಳಿಯ ಬಾಯಲ್ಲಿ ಬಂದು ಸೇರಿಕೊಳ್ಳುತ್ತದೆ. ಬಿರುಕು ಹುಟ್ಟುವುದು ಅಲ್ಲಿ. ಹಾಗಾಗಿ ಬಿರುಕನ್ನು ಹುಡುಕುವವನು ಮೊದಲು ಅದರ ತವರನ್ನು ಹುಡುಕಬೇಕು. ಕಚ್ಚು, ಗೀರು, ಗುಳಿ ಇವುಗಳನ್ನು ತಪ್ಪಿಸದೆ ನೋಡುವವನಿಗೆ ಬಿರುಕು ಸಿಕ್ಕೇ ಸಿಗುತ್ತದೆ, ಎಷ್ಟೋ ಸಲ ಬಿರುಕು ಹುಟ್ಟುವ ಮೊದಲೇ ಕೆಲಸ ಮುಗಿದಿರುತ್ತದೆ.

ಗುಳಿಯೊಂದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಎರಡು ಅಪಘಾತಗಳನ್ನು ನೆನೆಯಬಹುದು. 1995ರ ಆಗಸ್ಟ್ 21ರಂದು ಅಮೆರಿಕದ ಅಟ್ಲಾಂಟಾದಿಂದ ಹೊರಟ ಎಂಬ್ರೇಯರ್ 120 ವಿಮಾನದ ಎಡ ಪ್ರೊಪೆಲ್ಲರಿನ ಒಂದು ಬ್ಲೇಡು ಮೇಲೇರುವಾಗಲೇ ತುಂಡಾಯಿತು. ಉಳಿದ ಭಾಗ ಸಮತೋಲ ಕಳೆದುಕೊಂಡು ಇಂಜಿನ್ನನ್ನೇ ಅದರ ಜಾಗದಿಂದ ಕದಲಿಸಿತು, ವಿಮಾನ ಜಾರ್ಜಿಯಾದ ಕ್ಯಾರಲ್ಟನ್ ಊರಿನ ಬಳಿ ಹೊಲದಲ್ಲಿ ಬಿತ್ತು. ಬ್ಲೇಡಿನ ಬುಡದಲ್ಲಿ ಒಳಗೆ ಕೊರೆದಿದ್ದ ರಂಧ್ರಕ್ಕೆ ತುಂಬಿದ್ದ ಬೆಂಡಿನಲ್ಲಿ ಕ್ಲೋರಿನ್ ಅಂಶವಿತ್ತು. ಅದರಿಂದ ಲೋಹಕ್ಕೆ ಗುಳಿಗಳು ಬಿದ್ದು, ಆ ಗುಳಿಗಳಿಂದ ದಣಿವಿನ ಬಿರುಕು ಬೆಳೆದಿತ್ತು. ಇದಕ್ಕಿಂತಲೂ ಮನಸ್ಸಿಗೆ ನಾಟುವ ಸಂಗತಿಯೆಂದರೆ, ಅದೇ ಬ್ಲೇಡು ಹಿಂದಿನ ವರ್ಷ ಶ್ರವಣಾತೀತ ಧ್ವನಿಯ ಪರೀಕ್ಷೆಯಲ್ಲಿ ಅನುಮಾನಕ್ಕೆ ಒಳಗಾಗಿ ಕಾರ್ಯಾಗಾರಕ್ಕೆ ಹೋಗಿತ್ತು. ಅಲ್ಲಿ ರಂಧ್ರದ ಒಳಮೈಯನ್ನು ಉಜ್ಜಿ ನಯಗೊಳಿಸಿ ಮರಳಿ ಕಳುಹಿಸಿದ್ದರು. ಆ ಉಜ್ಜಿದ ಗುರುತುಗಳೇ ಬಿರುಕನ್ನು ಮುಂದಿನ ಪರೀಕ್ಷೆಯಿಂದ ಮರೆಮಾಡಿದವು. 2017ರ ಜುಲೈ 10ರಂದು ಮಿಸಿಸಿಪಿಯಲ್ಲಿ ಅಮೆರಿಕದ ಮೆರೀನ್ ಪಡೆಯ ಕೆಸಿ-130ಟಿ ವಿಮಾನ ಬಿದ್ದು 16 ಮಂದಿ ಸತ್ತಾಗಲೂ ಮೂಲದಲ್ಲಿ ಇದ್ದದ್ದು ಇಂಥದೇ ಒಂದು ಗುಳಿ. 2011ರಲ್ಲಿ ಬ್ಲೇಡನ್ನು ಪೂರ್ಣವಾಗಿ ದುರಸ್ತಿಗೊಳಿಸಿದಾಗ ತೆಗೆಯದೆ ಬಿಟ್ಟ ತುಕ್ಕಿನಿಂದ ಬಿರುಕು ಬೆಳೆದಿತ್ತು.

ಮುಟ್ಟುವ ಮುನ್ನ

ಪ್ರೊಪೆಲ್ಲರ್ ನಿಂತಿದೆ ಎಂದರೆ ಇಂಜಿನ್ ಸತ್ತಿದೆ ಎಂದು ತಿಳಿಯಬಾರದು. ಸ್ಪಾರ್ಕ್ ಪ್ಲಗ್ಗುಗಳಿಗೆ ಕಿಡಿ ಒದಗಿಸುವ ಸಾಧನವಾದ ಮ್ಯಾಗ್ನೆಟೋದ ಸ್ವಿಚ್ಚನ್ನು ಭೂಸಂಪರ್ಕಕ್ಕೆ ಜೋಡಿಸುವ ತಂತಿ ಒಳಗೆಲ್ಲೋ ಕಡಿದಿದ್ದರೆ ಸ್ವಿಚ್ಚು ಆರಿದ್ದರೂ ಮ್ಯಾಗ್ನೆಟೋ ಜೀವಂತವಾಗಿರುತ್ತದೆ. ಬ್ಲೇಡನ್ನು ಕೈಯಿಂದ ಸ್ವಲ್ಪ ತಿರುಗಿಸಿದರೂ ಸಿಲಿಂಡರಿನಲ್ಲಿ ಉಳಿದ ಇಂಧನ ಹೊತ್ತಿಕೊಂಡು ಇಂಜಿನ್ ಒದೆಯಬಹುದು. ಆದ್ದರಿಂದ ಮ್ಯಾಗ್ನೆಟೋ ಸ್ವಿಚ್ಚನ್ನು ಆರಿಸಿ ಕೀಲಿಯನ್ನು ಕಿಸೆಗೆ ಹಾಕಿಕೊಳ್ಳಿ, ಇಂಧನ ಮತ್ತು ಗಾಳಿಯ ಮಿಶ್ರಣದ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು ಇಂಧನವನ್ನು ಕಡಿಯಿರಿ, ಚಕ್ರಗಳಿಗೆ ಅಡ್ಡಗಟ್ಟೆ ಇಡಿ, ಇಂಜಿನ್ ತಣ್ಣಗಾಗುವವರೆಗೆ ಕಾಯಿರಿ. ಬ್ಲೇಡನ್ನು ಪದೇ ಪದೇ ತಿರುಗಿಸಿ ನೋಡಬೇಕಾದ ವಿವರವಾದ ತಪಾಸಣೆಯಾದರೆ, ಪ್ರತಿ ಸಿಲಿಂಡರಿನಿಂದ ಒಂದೊಂದು ಸ್ಪಾರ್ಕ್ ಪ್ಲಗ್ಗನ್ನು ತೆಗೆಸುವುದು ಮತ್ತು ಉಳಿದವುಗಳ ತಂತಿಗಳನ್ನು ಬಿಡಿಸುವುದು ಮೆಕ್ಯಾನಿಕ್ ಮಾಡಬೇಕಾದ ಕೆಲಸ. ಇಷ್ಟಾದ ಮೇಲೂ ಬ್ಲೇಡು ತಿರುಗುವ ವೃತ್ತದೊಳಗೆ ತಲೆಯನ್ನೂ ಎದೆಯನ್ನೂ ಚಾಚಿ ನಿಲ್ಲಬೇಡಿ.

ತೊಳೆಯುವುದು

ಕೊಳೆ ಹಿಡಿದ ಬ್ಲೇಡಿನ ಮೇಲೆ ಬಿರುಕನ್ನು ನೋಡಲಾಗದು. ಅಂಟಿಕೊಂಡ ಹುಳುಗಳ ಅವಶೇಷ, ಗ್ರೀಸಿನ ಪೊರೆ, ಹುಲ್ಲಿನ ಹಸಿರು ಕಲೆ ಇವೆಲ್ಲ ಹೋಗಲೇಬೇಕು. ಸೌಮ್ಯವಾದ ಸೋಪಿನ ನೀರು ಅಥವಾ ಕೈಪಿಡಿ ಒಪ್ಪುವ ದ್ರಾವಕದಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಶುದ್ಧ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಒಣಗಿಸಿ. ತೊಳೆಯುವ ಬ್ಲೇಡು ಕೆಳಮುಖವಾಗಿರಲಿ. ಇಲ್ಲದಿದ್ದರೆ ನೀರು ಬುಡದ ಕಡೆ ಹರಿದು ಹಬ್‌ನ ಒಳಗೆ ಸೇರುತ್ತದೆ, ಮುಂದೆ ಹೊರಗಿನಿಂದ ಕಾಣದ ಜಾಗದಲ್ಲಿ ತುಕ್ಕು ಹಿಡಿಸುತ್ತದೆ. ಜೋರಾಗಿ ನೀರು ಚಿಮ್ಮುವ ಯಂತ್ರವನ್ನು ಇದೇ ಕಾರಣಕ್ಕೆ ದೂರವಿಡಬೇಕು. ತಂತಿಯ ಬ್ರಷ್, ಉಕ್ಕಿನ ನಾರು, ಒರಟು ಪುಡಿ ಇವುಗಳಿಂದ ಉಜ್ಜಿದರೆ ಬ್ಲೇಡು ಹೊಳೆಯುತ್ತದೆ ನಿಜ, ಆದರೆ ನೀವು ಹುಡುಕಲು ಹೊರಟ ಗೀರುಗಳನ್ನು ನೀವೇ ಹುಟ್ಟುಹಾಕಿದಂತಾಗುತ್ತದೆ.

ತೊಳೆಯುವುದಕ್ಕೆ ಮುಂಚೆ ಒಂದು ಕ್ಷಣ ನಿಲ್ಲಿ. ಗ್ರೀಸ್ ಅಥವಾ ಎಣ್ಣೆ ಬುಡದಿಂದ ತುದಿಯ ಕಡೆಗೆ ಗೆರೆಯಾಗಿ ಹರಿದಿದೆಯೇ, ಹಬ್‌ಗೆ ಟೋಪಿಯಂತೆ ಹಾಕಿರುವ ಸ್ಪಿನ್ನರಿನ ಒಳಗಿನಿಂದ ಎಣ್ಣೆ ಹೊರಗೆ ಸಿಡಿದಿದೆಯೇ ನೋಡಿಕೊಂಡು ಒಂದು ಫೋಟೊ ತೆಗೆದಿಡಿ. ಸೋರಿಕೆಯ ಗುರುತು ಹಬ್ ಬರೆದುಕೊಟ್ಟ ಪತ್ರ. ಓದದೆ ಒರೆಸಿದರೆ ಮತ್ತೆ ಸಿಗುವುದು ಇನ್ನೊಂದು ಹಾರಾಟದ ನಂತರವೇ.

ಕಣ್ಣಿನಿಂದ ನೋಡುವುದು

ಬಹುತೇಕ ದೋಷಗಳು ಸಿಗುವುದು ಬರಿಗಣ್ಣಿಗೆ, ಹಗಲಿನ ಬೆಳಕಿನಲ್ಲಿ. ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ಟಾರ್ಚ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಕನ್ನಡಿ, ಹತ್ತಿಯ ಬಟ್ಟೆ. ಟಾರ್ಚನ್ನು ಬ್ಲೇಡಿಗೆ ಎದುರಾಗಿ ಹಿಡಿದರೆ ಮೇಲ್ಮೈ ಬರಿದೆ ಬೆಳಗುತ್ತದೆ, ಏನೂ ಕಾಣುವುದಿಲ್ಲ. ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿದು, ನೋಡುವ ಕೋನವನ್ನೂ ಬದಲಿಸುತ್ತಾ ಹೋದರೆ, ಸಣ್ಣ ಗುಳಿಗೂ ನೆರಳು ಬೀಳುತ್ತದೆ, ಬಿರುಕಿಗೆ ಕೂದಲೆಳೆಯಂತಹ ಕಪ್ಪು ಗೆರೆ ಬರುತ್ತದೆ. ಗೆರೆ ಕಂಡಾಗ ಬೆಳಕಿನ ದಿಕ್ಕನ್ನು ತಿರುಗಿಸಿ. ಬಣ್ಣದ ಮೇಲಿನ ಗೀರಾದರೆ ಒಂದು ಕೋನದಲ್ಲಿ ಅದರ ತಳ ಹೊಳೆಯುತ್ತದೆ. ಬಿರುಕಾದರೆ ಯಾವ ಕೋನದಲ್ಲೂ ತಳ ಕಾಣುವುದಿಲ್ಲ. ಇದು ತೀರ್ಪಲ್ಲ, ಮುಂದಿನ ಪರೀಕ್ಷೆಗೆ ಕಳುಹಿಸಬೇಕೇ ಎಂದು ನಿರ್ಧರಿಸಲು ಇರುವ ಸುಳಿವು ಅಷ್ಟೆ.

ಗಾಳಿಯನ್ನು ಮೊದಲು ಸೀಳುವ ಮುಂದಂಚಿನಿಂದ ಆರಂಭಿಸಿ. ಕಲ್ಲೇಟು ಹೆಚ್ಚು ಬೀಳುವುದು ಅದಕ್ಕೇ. ಬುಡದಿಂದ ತುದಿಯವರೆಗೆ ಹತ್ತಿಯ ಬಟ್ಟೆಯನ್ನು ಅಂಚಿನ ಮೇಲೆ ನಿಧಾನವಾಗಿ ಎಳೆದರೆ, ಕಣ್ಣಿಗೆ ತಪ್ಪಿದ ಕಚ್ಚಿಗೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈಯನ್ನು ಎಳೆಯಬೇಡಿ, ಹೊಸದಾಗಿ ಬಿದ್ದ ಕಚ್ಚಿನ ಬಾಯಿ ಬೆರಳನ್ನು ಕೊಯ್ಯುವಷ್ಟು ಹರಿತವಾಗಿರುತ್ತದೆ. ಬಟ್ಟೆ ಸಿಕ್ಕಿದಲ್ಲೆಲ್ಲ ಭೂತಗನ್ನಡಿಯಿಂದ ಕಚ್ಚಿನ ತಳವನ್ನು ನೋಡಿ. ದುಂಡಗಿನ ತಳಕ್ಕಿಂತ ಇಂಗ್ಲಿಷಿನ ವಿ ಅಕ್ಷರದಂತೆ ಚೂಪಾದ ತಳ ಹೆಚ್ಚು ಅಪಾಯಕಾರಿ. ಅದರ ತುದಿಯಿಂದ ಬ್ಲೇಡಿನ ಅಗಲದ ಕಡೆಗೆ ಹೊರಟ ಸಣ್ಣ ಗೆರೆ ಕಂಡರೆ ಅಲ್ಲಿಗೆ ತಪಾಸಣೆ ನಿಲ್ಲಿಸಿ, ವಿಮಾನವೂ ನಿಲ್ಲಬೇಕು. ಎಳೆತ ಇರುವುದು ಬ್ಲೇಡಿನ ಉದ್ದಕ್ಕಾದ್ದರಿಂದ ಬಿರುಕು ಸಾಮಾನ್ಯವಾಗಿ ಅದಕ್ಕೆ ಅಡ್ಡಲಾಗಿ ಬೆಳೆಯುತ್ತದೆ. ಇದರಿಂದಲೇ, ಉದ್ದಕ್ಕೆ ಹೋಗುವ ಗೀರಿಗಿಂತ ಅಡ್ಡಕ್ಕೆ ಹೋಗುವ ಗೀರಿಗೆ, ಅದೆಷ್ಟೇ ಕ್ಷುಲ್ಲಕವಾಗಿ ಕಂಡರೂ, ಹೆಚ್ಚು ಬೆಲೆ ಕೊಡಬೇಕು.

ಬ್ಲೇಡಿನ ತುದಿಯ ಕಡೆಗಿನ ಕೆಲವು ಅಂಗುಲಗಳು ದಣಿವಿನ ಮುರಿತಕ್ಕೆ ಹೆಸರಾದ ಜಾಗ. ಸುಮಾರು 1.9 ಮೀಟರ್ ವ್ಯಾಸದ ಪ್ರೊಪೆಲ್ಲರ್ ನಿಮಿಷಕ್ಕೆ 2700 ಸುತ್ತು ತಿರುಗುವಾಗ ತುದಿ ಸೆಕೆಂಡಿಗೆ ಸುಮಾರು 270 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಬ್ಲೇಡು ಅಲ್ಲಿ ತೆಳ್ಳಗಿರುತ್ತದೆ, ಕಂಪನವೂ ಅಲ್ಲಿ ಜೋರು. ತುದಿಯ ಚಿಕ್ಕ ತುಂಡು ಹಾರಿಹೋದರೂ ಉಂಟಾಗುವ ಅಸಮತೋಲ ಇಂಜಿನ್ನನ್ನು ಅದರ ಕಟ್ಟಿನಿಂದ ಕಿತ್ತುಹಾಕಬಲ್ಲದು. ಹಾಗೆಂದು ಉಳಿದ ಜಾಗಗಳಿಗೆ ವಿನಾಯಿತಿ ಇಲ್ಲ. ಕಡೆಗಣಿಸಿದ ಕಚ್ಚು ಎಲ್ಲಿದ್ದರೂ ಬ್ಲೇಡು ಅಲ್ಲಿ ಮುರಿಯಬಹುದು.

ಮುಂದಂಚು ಮುಗಿದ ಮೇಲೆ ಹಿಂದಂಚು, ಅನಂತರ ಎರಡೂ ಮುಖಗಳು. ಪೈಲಟ್‌ನ ಕಡೆಗಿರುವ ಮುಖಕ್ಕೆ ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಹೊಳಪಿಲ್ಲದ ಕಪ್ಪು ಬಣ್ಣ ಬಳಿದಿರುತ್ತಾರೆ. ಆ ಕಪ್ಪಿನ ಮೇಲೆ ಕಪ್ಪು ಗೆರೆ ಕಾಣುವುದು ಕಷ್ಟ ಎಂಬುದನ್ನು ನೆನಪಿಟ್ಟು ಅಲ್ಲಿ ಇಮ್ಮಡಿ ಹೊತ್ತು ಕೊಡಿ. ಬಣ್ಣ ಉಬ್ಬಿ ಗುಳ್ಳೆಯಾಗಿರುವುದು, ಎಳೆ ಎಳೆಯಾಗಿ ಎದ್ದಿರುವುದು, ಅಂಚಿನಿಂದ ಬಿಳಿ ಪುಡಿ ಉದುರುವುದು ಇವೆಲ್ಲ ಅಡಿಯಲ್ಲಿ ಅಲ್ಯೂಮಿನಿಯಂ ಕಿಲುಬು ಹಿಡಿಯುತ್ತಿರುವ ಲಕ್ಷಣ. ಬ್ಲೇಡಿಗೆ ಅಂಟಿಸಿದ ತಯಾರಕರ ಸ್ಟಿಕ್ಕರಿನ ಅಂಚು, ಮಂಜುಗಡ್ಡೆ ಕಟ್ಟದಂತೆ ಬುಡದ ಕಡೆ ಹಚ್ಚಿರುವ ರಬ್ಬರ್ ಬೂಟಿನ ಅಂಚು, ಈ ಎರಡು ಕಡೆ ತೇವ ನುಸುಳಿ ಕುಳಿತಿರುತ್ತದೆ. ನನ್ನ ಅನುಭವದಲ್ಲಿ ಜನ ಹೆಚ್ಚಾಗಿ ತಪ್ಪಿಸುವುದು ಇವನ್ನೇ. ಸ್ಟಿಕ್ಕರ್ ನೆಟ್ಟಗಿದ್ದರೆ ಅಡಿಯ ಲೋಹವೂ ನೆಟ್ಟಗಿದೆ ಎಂದು ಮನಸ್ಸು ತಾನಾಗಿ ಒಪ್ಪಿಕೊಂಡುಬಿಡುತ್ತದೆ.

ಬ್ಲೇಡು ಬಾಗಿದೆಯೇ ಎಂಬುದನ್ನು ತಿಳಿಯಲು ಒಂದು ಬ್ಲೇಡಿನ ತುದಿಗೆ ತಾಗುವಂತೆ ಮರದ ಕಟ್ಟಿಗೆಯೊಂದನ್ನು ನಿಲ್ಲಿಸಿ, ಇನ್ನೊಂದನ್ನು ಅದೇ ಜಾಗಕ್ಕೆ ತಂದು ನೋಡಬೇಕು. ಸಣ್ಣ ವಿಮಾನಗಳ ಲೋಹದ ಪ್ರೊಪೆಲ್ಲರುಗಳಲ್ಲಿ ತುದಿಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ 1.6 ಮಿಲಿಮೀಟರಿನೊಳಗಿರಬೇಕು. ಬಾಗಿದ ಬ್ಲೇಡನ್ನು ನಿಂತ ಜಾಗದಲ್ಲೇ ನೆಟ್ಟಗಾಗಿಸುವ ಸಾಹಸ ಬೇಡ. ಬಾಗಿದ ಲೋಹವನ್ನು ಮರಳಿ ಬಗ್ಗಿಸುವುದೇ ಬಿರುಕಿಗೆ ಆಹ್ವಾನ.

ಹಬ್ ಮತ್ತು ಸ್ಪಿನ್ನರ್

ಕೋನ ಬದಲಿಸಬಲ್ಲ ಪ್ರೊಪೆಲ್ಲರಿನ ಹಬ್‌ನೊಳಗೆ ಗ್ರೀಸ್ ಅಥವಾ ಎಣ್ಣೆ ತುಂಬಿರುತ್ತದೆ. ಮೆಕಾಲೆ ಕಂಪನಿಯ ಕೆಲವು ಹಬ್‌ಗಳಲ್ಲಿ ಕೆಂಪು ಬಣ್ಣ ಬೆರೆಸಿದ ಎಣ್ಣೆಯನ್ನು ಬೇಕೆಂದೇ ತುಂಬುತ್ತಾರೆ. ಹಬ್ ಬಿರುಕು ಬಿಟ್ಟರೆ ಕೆಂಪು ಕಲೆ ಹೊರಗೆ ಬಂದು ತಾನೇ ತೋರಿಸಿಕೊಡಲಿ ಎಂಬ ಉಪಾಯ ಅದು. ಹೊರಬಂದ ಗ್ರೀಸೆಲ್ಲ ಬಿರುಕಿನದೇ ಎಂದೇನಿಲ್ಲ. ಹೊಸದಾಗಿ ಜೋಡಿಸಿದ ಪ್ರೊಪೆಲ್ಲರಿನಲ್ಲಿ ಮೊದಲ ಕೆಲವು ಗಂಟೆಗಳ ಕಾಲ ಸೀಲಿನಿಂದ ಅಲ್ಪಸ್ವಲ್ಪ ಜಿನುಗುವುದುಂಟು. ಬ್ಲೇಡಿನ ಬುಡದ ಸುತ್ತ ಸೀಲಿನಿಂದ ಜಿನುಗಿದ್ದು ಒಂದು ಬಗೆ. ಹಬ್‌ನ ಲೋಹದ ನಡುವಿನಿಂದ, ಅಥವಾ ಗ್ರೀಸ್ ತುಂಬುವ ಮೊಲೆಯ ಪಕ್ಕದ ತಿರುವಿನಿಂದ ಗೆರೆಯಾಗಿ ಬಂದದ್ದು ಬೇರೆಯೇ ಬಗೆ. ಎರಡನೆಯದು ಕಂಡಾಗ, ಅದರಲ್ಲೂ ಇತ್ತೀಚೆಗೆ ಇದ್ದಕ್ಕಿದ್ದಂತೆ ಹೊಸ ಕಂಪನ ಶುರುವಾಗಿದ್ದರೆ, ಮೂಲ ಯಾವುದೆಂದು ಖಚಿತವಾಗುವವರೆಗೆ ವಿಮಾನವನ್ನು ಹಾರಿಸಬಾರದು.

ಸ್ಪಿನ್ನರನ್ನು ಬಿಚ್ಚಿದಾಗ ಅದರ ತಿರುಪಿನ ರಂಧ್ರಗಳ ಸುತ್ತಲೂ, ಹಿಂದಿನ ತಟ್ಟೆಯ ಬೋಲ್ಟುಗಳ ಸುತ್ತಲೂ ಬಿರುಕು ಹುಡುಕಿ. ವಿಮಾನವನ್ನು ಸ್ಪಿನ್ನರ್ ಹಿಡಿದು ಅಥವಾ ಬ್ಲೇಡಿನ ತುದಿ ಹಿಡಿದು ತಳ್ಳುವ ಅಭ್ಯಾಸ ಇರುವ ಕಡೆ ಇಲ್ಲಿ ಏನಾದರೂ ಸಿಕ್ಕಿಯೇ ಸಿಗುತ್ತದೆ.

ಕಚ್ಚನ್ನು ಅಳಿಸುವುದು, ಬಿರುಕನ್ನಲ್ಲ

ಕಚ್ಚು ಮತ್ತು ಬಿರುಕಿನ ನಡುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆದುಕೊಳ್ಳಬೇಕು. ಕಚ್ಚನ್ನು ಅರದಿಂದ ಉಜ್ಜಿ ನಯಗೊಳಿಸಬಹುದು; ಬಿರುಕನ್ನು ಉಜ್ಜಬಾರದು, ತುಂಬಬಾರದು, ಬೆಸುಗೆ ಹಾಕಬಾರದು, ಅದರ ತುದಿಗೆ ರಂಧ್ರ ಕೊರೆದು ನಿಲ್ಲಿಸಲೂಬಾರದು. ಬಿರುಕು ಬಿಟ್ಟ ಬ್ಲೇಡು ಬಳಕೆಯಿಂದ ಹೊರಗೆ, ಅಷ್ಟೆ. ಮೇಲೆ ಹೇಳಿದ 1995ರ ಬ್ಲೇಡಿನ ಕಥೆ ಇದಕ್ಕೇ ನಿಲ್ಲುತ್ತದೆ: ಏನೆಂದು ಖಚಿತವಾಗದ ಗುರುತನ್ನು ಉಜ್ಜಿ ಮಾಯಮಾಡಿದರೆ ದೋಷ ಹೋಗುವುದಿಲ್ಲ, ದೋಷದ ಸಾಕ್ಷಿ ಹೋಗುತ್ತದೆ.

ಕಚ್ಚನ್ನು ನಯಗೊಳಿಸುವುದು ಅಧಿಕಾರ ಉಳ್ಳ ಮೆಕ್ಯಾನಿಕ್‌ನ ಕೆಲಸವಾದರೂ, ಸರಿಯಾಗಿ ಆಗಿದೆಯೇ ಎಂದು ನೋಡಲು ಮಾಲೀಕನಿಗೂ ನಿಯಮ ಗೊತ್ತಿರಬೇಕು. ಹಾರ್ಟ್‌ಜೆಲ್ ಕಂಪನಿಯ ಅಲ್ಯೂಮಿನಿಯಂ ಬ್ಲೇಡುಗಳ ಕೈಪಿಡಿಗಳ ಪ್ರಕಾರ, ಅಂಚಿನಲ್ಲಿರುವ ಕಚ್ಚಿನ ಆಳದ ಹತ್ತು ಪಟ್ಟು ಉದ್ದಕ್ಕೆ, ಮುಖದ ಮೇಲಿನ ಕಚ್ಚಾದರೆ ಆಳದ ಇಪ್ಪತ್ತು ಪಟ್ಟಿಗೆ, ದುರಸ್ತಿಯ ಇಳಿಜಾರನ್ನು ಹರಡಬೇಕು. 1 ಮಿಲಿಮೀಟರ್ ಆಳದ ಕಚ್ಚು ಅಂಚಿನಲ್ಲಿ 10 ಮಿಲಿಮೀಟರ್ ಉದ್ದದ ಮೆಲ್ಲನೆಯ ತಗ್ಗಾಗಬೇಕು, ಮುಖದ ಮೇಲೆ 20 ಮಿಲಿಮೀಟರಿನದಾಗಬೇಕು. ಅರದ ಓಟ ಬ್ಲೇಡಿನ ಉದ್ದಕ್ಕಿರಬೇಕು, ಅಡ್ಡಕ್ಕಲ್ಲ. ಕೊನೆಯಲ್ಲಿ ನವಿರಾದ ಎಮರಿ ಬಟ್ಟೆಯಿಂದ ಅರದ ಗುರುತುಗಳೆಲ್ಲ ಅಳಿಯುವವರೆಗೆ ಉಜ್ಜಬೇಕು. ಪಕ್ಕಪಕ್ಕದ ದುರಸ್ತಿಗಳು ಸೇರಿ ಬ್ಲೇಡಿನ ಅಗಲಕ್ಕೆ ಒಂದೇ ಗೆರೆಯಾಗುವುದನ್ನು ಕೈಪಿಡಿ ಒಪ್ಪುವುದಿಲ್ಲ. ಉಜ್ಜಿದ ನಂತರ ಹತ್ತು ಪಟ್ಟಿನ ಭೂತಗನ್ನಡಿಯಿಂದಲೂ ಮುಂದೆ ವಿವರಿಸಿರುವ ಡೈ ಪೆನೆಟ್ರೆಂಟ್ ಪರೀಕ್ಷೆಯಿಂದಲೂ ತಳದಲ್ಲಿ ಬಿರುಕಿನ ಬಾಲ ಉಳಿದಿಲ್ಲವೆಂದು ನೋಡಿ, ಬರಿಲೋಹಕ್ಕೆ ರಕ್ಷಣೆಯ ಲೇಪನವನ್ನೂ ಬಣ್ಣವನ್ನೂ ಮರಳಿ ಕೊಡಬೇಕು. ಬುಡದ ಹತ್ತಿರದ ಭಾಗವನ್ನು ಹೊರಗಡೆ ಮುಟ್ಟಬಾರದು; ಅನೇಕ ಬ್ಲೇಡುಗಳ ಬುಡಕ್ಕೆ ಕಾರ್ಖಾನೆಯಲ್ಲಿ ಸಣ್ಣ ಗುಂಡುಗಳ ಬಡಿತದಿಂದಲೋ ಉರುಳೆಯ ಒತ್ತಿನಿಂದಲೋ ಮೇಲ್ಪದರವನ್ನು ಗಟ್ಟಿಮಾಡಿರುತ್ತಾರೆ, ಅದನ್ನು ಉಜ್ಜಿ ತೆಗೆದರೆ ಬ್ಲೇಡಿನ ಕವಚವನ್ನೇ ತೆಗೆದಂತೆ.

ಡೈ ಪೆನೆಟ್ರೆಂಟ್ ಪರೀಕ್ಷೆ

ಕಣ್ಣಿಗೆ ಅನುಮಾನ ಬಂದ ಜಾಗವನ್ನು ಖಚಿತಪಡಿಸಿಕೊಳ್ಳಲು ಇರುವ ಹತ್ತಿರದ ದಾರಿ ಇದು. ಬಿರುಕಿನೊಳಗೆ ನುಸುಳಬಲ್ಲ ತೆಳುವಾದ ಬಣ್ಣದ ದ್ರವವನ್ನು ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಬಿಳಿ ಪುಡಿಯ ಪದರವನ್ನು ಹರಡಿದರೆ, ಬಿರುಕಿನೊಳಗೆ ಉಳಿದ ಬಣ್ಣವನ್ನು ಆ ಪುಡಿ ಹೊರಗೆ ಹೀರಿಕೊಂಡು ಗೆರೆಯಾಗಿ ತೋರಿಸುತ್ತದೆ. ಹೇಳುವುದಕ್ಕೆ ಸರಳ, ಕೆಡುವುದು ಪ್ರತಿ ಹೆಜ್ಜೆಯ ಅವಸರದಲ್ಲಿ.

ಮೊದಲ ತಪ್ಪು ಬಣ್ಣ ತೆಗೆಯುವಾಗ ಆಗುತ್ತದೆ. ಬ್ಲೇಡಿನ ಹಳೆಯ ಬಣ್ಣವನ್ನು ರಾಸಾಯನಿಕದಿಂದ ಕರಗಿಸಿ ತೆಗೆಯಬೇಕು. ಮರಳುಕಾಗದ ಹಾಕಿ ಉಜ್ಜಿದರೆ ಅಥವಾ ಪುಡಿ ಚಿಮ್ಮಿಸಿ ಕೆರೆದರೆ ಮೆದುವಾದ ಅಲ್ಯೂಮಿನಿಯಂ ಬಿರುಕಿನ ಬಾಯಿಯ ಮೇಲೆ ಹರಡಿಕೊಂಡು ಅದನ್ನು ಮುಚ್ಚಿಬಿಡುತ್ತದೆ, ಆಮೇಲೆ ದ್ರವ ಒಳಗಿಳಿಯಲು ದಾರಿಯೇ ಇರುವುದಿಲ್ಲ. ಬಣ್ಣ ಹೋದ ಮೇಲೆ ದ್ರಾವಕದಿಂದ ಜಿಡ್ಡು ತೆಗೆದು ಪೂರ್ತಿ ಒಣಗಲು ಬಿಡಿ, ಏಕೆಂದರೆ ಬಿರುಕಿನೊಳಗೆ ಮೊದಲೇ ದ್ರಾವಕ ತುಂಬಿಕೊಂಡಿದ್ದರೆ ಬಣ್ಣಕ್ಕೆ ಜಾಗವಿರುವುದಿಲ್ಲ.

ದ್ರವವನ್ನು ಹಚ್ಚಿದ ಮೇಲೆ ಕಾಯಬೇಕಾದ ಹೊತ್ತು ಡಬ್ಬಿಯ ಮೇಲೆ ಬರೆದಿರುತ್ತದೆ; ಕನಿಷ್ಠ 10 ನಿಮಿಷವಂತೂ ಬೇಕು, ತಂಪಾದ ದಿನಗಳಲ್ಲಿ ಇನ್ನೂ ಹೆಚ್ಚು. ಲೋಹ ತೀರ ತಣ್ಣಗಿದ್ದರೆ ದ್ರವ ಮಂದವಾಗುತ್ತದೆ, ಬಿಸಿಲಿನಲ್ಲಿ ಸುಡುತ್ತಿದ್ದರೆ ಒಣಗಿಹೋಗುತ್ತದೆ. ಒರೆಸುವುದು ಇಡೀ ಪರೀಕ್ಷೆಯ ಜೀವಾಳ. ಮೊದಲು ಒಣಬಟ್ಟೆಯಿಂದ, ಅನಂತರ ದ್ರಾವಕದಿಂದ ಸ್ವಲ್ಪವೇ ತೇವಗೊಳಿಸಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಬೇಕು. ದ್ರಾವಕವನ್ನು ನೇರವಾಗಿ ಬ್ಲೇಡಿನ ಮೇಲೆ ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗಿ, ಬಿರುಕುಳ್ಳ ಬ್ಲೇಡು ಬಿರುಕಿಲ್ಲದ್ದರಂತೆ ಉತ್ತೀರ್ಣವಾಗುತ್ತದೆ. ಡೆವಲಪರನ್ನು, ಅಂದರೆ ಮೇಲೆ ಹೇಳಿದ ಬಿಳಿ ಪುಡಿಯನ್ನು, ತೆಳುವಾಗಿ, ಅಡಿಯ ಲೋಹದ ಛಾಯೆ ಕಾಣುವಷ್ಟು ಮಾತ್ರ ಸಿಂಪಡಿಸಿ. ದಪ್ಪ ಪದರ ಸಣ್ಣ ಗೆರೆಯನ್ನು ನುಂಗುತ್ತದೆ. ಸಿಂಪಡಿಸಿದ ತಕ್ಷಣದಿಂದಲೇ ನೋಡುತ್ತಿರಿ. ಮೊದಲು ಮೂಡಿದ ಗೆರೆಯ ಆಕಾರ ನಿಜವಾದದ್ದು, ಹೊತ್ತು ಕಳೆದಂತೆ ಅದು ಹರಡಿ ಮಸುಕಾಗುತ್ತದೆ. ಹತ್ತು ನಿಮಿಷವಾದ ಮೇಲೆ ಇನ್ನೊಮ್ಮೆ ನೋಡಿ ತೀರ್ಮಾನಿಸಿ. ನೇರವಾದ, ಚೂಪು ತುದಿಯ ಕೆಂಪು ಗೆರೆ ಬಿರುಕನ್ನೂ, ಚುಕ್ಕೆಗಳ ಗುಂಪು ಗುಳಿಗಳನ್ನೂ ಸೂಚಿಸುತ್ತದೆ; ಎಲ್ಲೆಡೆ ಹರಡಿದ ಗುಲಾಬಿ ಛಾಯೆ ಒರೆಸುವುದು ಸಾಲದೆಂಬುದಕ್ಕೆ ಗುರುತು, ಆಗ ಆರಂಭದಿಂದ ಮತ್ತೆ ಮಾಡಬೇಕು.

ಕೆಂಪು ದ್ರವಕ್ಕಿಂತ ಅತಿನೇರಳೆ ದೀಪದಡಿ ಕತ್ತಲಲ್ಲಿ ಹಸಿರು ಹಳದಿಯಾಗಿ ಬೆಳಗುವ ದ್ರವ ಹೆಚ್ಚು ಸೂಕ್ಷ್ಮ. ಕಾರ್ಯಾಗಾರಗಳು ಬಳಸುವುದು ಅದನ್ನೇ. ಬ್ಲೇಡು ಕಾರ್ಯಾಗಾರಕ್ಕೆ ಹೋಗಲಿದೆ ಎಂದು ಗೊತ್ತಿದ್ದರೆ ಅದಕ್ಕೆ ಮೊದಲು ಕೆಂಪು ದ್ರವ ಹಚ್ಚಬೇಡಿ. ಬಿರುಕಿನಲ್ಲಿ ಉಳಿದ ಕೆಂಪು, ಆಮೇಲೆ ಹಚ್ಚುವ ದ್ರವದ ಬೆಳಕನ್ನು ನಂದಿಸಿಬಿಡುತ್ತದೆ.

ಕಾರ್ಯಾಗಾರದ ಪರೀಕ್ಷೆಗಳು

ಡೈ ಪೆನೆಟ್ರೆಂಟ್ ತೋರಿಸುವುದು ಮೇಲ್ಮೈಗೆ ಬಾಯಿ ತೆರೆದ ಬಿರುಕನ್ನು ಮಾತ್ರ. ಎಡ್ಡಿ ಕರೆಂಟ್ ಪರೀಕ್ಷೆಯಲ್ಲಿ ಸಣ್ಣ ಸುರುಳಿಯೊಂದು ಲೋಹದಲ್ಲಿ ಸುಳಿವಿದ್ಯುತ್ತನ್ನು ಹುಟ್ಟಿಸುತ್ತದೆ, ಬಿರುಕು ಅದರ ಹರಿವನ್ನು ಅಡ್ಡಗಟ್ಟಿದಾಗ ಉಪಕರಣದ ಪರದೆ ಏರುಪೇರಾಗುತ್ತದೆ. ತೆಳು ಬಣ್ಣದ ಅಡಿಯಲ್ಲೂ, ಮೇಲ್ಮೈಯಿಂದ ತುಸು ಒಳಗೂ ಅದು ನೋಡಬಲ್ಲದು. ಇನ್ನೂ ಆಳಕ್ಕೆ, ಬುಡದ ಒಳರಂಧ್ರದವರೆಗೆ ಹೋಗಲು ಶ್ರವಣಾತೀತ ಧ್ವನಿಯ ಪರೀಕ್ಷೆ ಬೇಕು. ಉಕ್ಕಿನ ಭಾಗಗಳಿಗೆ, ಅಂದರೆ ಕೆಲವು ಹಬ್‌ಗಳು, ಹಿಡಿಕೆಗಳು, ಬೋಲ್ಟುಗಳಿಗೆ, ಕಾಂತಗೊಳಿಸಿ ಕಬ್ಬಿಣದ ಪುಡಿ ಹರಿಸುವ ಪರೀಕ್ಷೆ ಉಂಟು. ಅಲ್ಯೂಮಿನಿಯಂಗೆ ಅದು ನಡೆಯದು. ಇವೆಲ್ಲದಕ್ಕೂ ತರಬೇತಿ ಪಡೆದ ಕೈ ಮತ್ತು ಹೋಲಿಕೆಗೆಂದು ಗೊತ್ತಿರುವ ಅಳತೆಯ ಕೃತಕ ಸೀಳು ಮಾಡಿಟ್ಟ ಮಾದರಿ ತುಂಡು ಬೇಕು. ಮಾಲೀಕ ಕೇಳಬೇಕಾದ್ದು ಒಂದೇ: ಯಾವ ಭಾಗಕ್ಕೆ ಯಾವ ಪರೀಕ್ಷೆ ಆಯಿತು, ಅದನ್ನು ದಾಖಲೆಯಲ್ಲಿ ಬರೆದಿದ್ದಾರೆಯೇ.

ಮರದ ಮತ್ತು ಸಂಯುಕ್ತ ವಸ್ತುವಿನ ಬ್ಲೇಡುಗಳ ಲೆಕ್ಕ ಬೇರೆ. ಸಂಯುಕ್ತ ವಸ್ತುವಿನ ಬ್ಲೇಡನ್ನು ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಗಟ್ಟಿಯಾಗಿರುವಲ್ಲಿ ಸ್ಪಷ್ಟವಾದ ದನಿ ಬರುತ್ತದೆ, ಪದರ ಬಿಟ್ಟಿರುವಲ್ಲಿ ಮಂದವಾದ ಟೊಳ್ಳು ದನಿ. ಮುಂದಂಚಿನ ಲೋಹದ ಕವಚ ಸಡಿಲವಾಗಿರುವುದೂ ಹೀಗೆಯೇ ತಿಳಿಯುತ್ತದೆ. ಮರದ ಪ್ರೊಪೆಲ್ಲರಿನಲ್ಲಿ ತುದಿಯ ಲೋಹದ ಹೊದಿಕೆಯ ಬಿರುಕು, ಅಂಟು ಬಿಟ್ಟ ಪದರ, ಬೋಲ್ಟು ರಂಧ್ರಗಳ ಸುತ್ತಣ ಸೀಳು ಇವನ್ನು ನೋಡಿ, ವಿಮಾನ ನಿಂತಿರುವಾಗ ಬ್ಲೇಡುಗಳನ್ನು ಅಡ್ಡಲಾಗಿ ನಿಲ್ಲಿಸಿ. ನೆಟ್ಟಗೆ ನಿಂತರೆ ತೇವವೆಲ್ಲ ಕೆಳಗಿನ ಬ್ಲೇಡಿಗೆ ಇಳಿದು ತೂಕ ಏರುಪೇರಾಗುತ್ತದೆ.

ಕಾಕ್‌ಪಿಟ್‌ನಲ್ಲಿ ನೋಡಬೇಕಾದ್ದು

ಇಂಜಿನ್ ಮತ್ತು ಪ್ರೊಪೆಲ್ಲರಿನ ಕೆಲವು ಜೋಡಿಗಳಲ್ಲಿ, ನಿರ್ದಿಷ್ಟ ವೇಗಗಳಲ್ಲಿ ಬ್ಲೇಡಿನ ಕಂಪನ ಹೆಚ್ಚಾಗುವುದರಿಂದ ಆ ವೇಗದಲ್ಲಿ ಸತತವಾಗಿ ಓಡಿಸಬಾರದೆಂದು, ಇಂಜಿನ್ನಿನ ಸುತ್ತುಗಳನ್ನು ತೋರಿಸುವ ಟ್ಯಾಕೋಮೀಟರಿನ ಮೇಲೆ ಗುರುತಿರುತ್ತದೆ ಅಥವಾ ಫಲಕ ಅಂಟಿಸಿರುತ್ತಾರೆ. ಟ್ಯಾಕೋಮೀಟರೇ ತಪ್ಪು ತೋರಿಸುತ್ತಿದ್ದರೆ ಪೈಲಟ್ ತಿಳಿಯದೆ ಗಂಟೆಗಟ್ಟಲೆ ಅದೇ ವಲಯದಲ್ಲಿ ಹಾರುತ್ತಿರಬಹುದು. ಬ್ಲೇಡು ಕಾರಣವಿಲ್ಲದೆ ದಣಿದಂತೆ ಕಾಣುತ್ತದೆ. ಹಾಗಾಗಿ ಬೆಳಕಿನಿಂದ ಸುತ್ತುಗಳನ್ನು ಎಣಿಸುವ ಉಪಕರಣವೊಂದರ ಜೊತೆ ಟ್ಯಾಕೋಮೀಟರನ್ನು ಹೋಲಿಸಿ ನೋಡುವುದು ಕೂಡ ಬಿರುಕಿನ ತಪಾಸಣೆಯ ಒಂದು ಭಾಗ ಎಂದೇ ನಾನು ಎಣಿಸುತ್ತೇನೆ, ಅದು ತಪಾಸಣೆಯ ಪಟ್ಟಿಯಲ್ಲಿ ಎಷ್ಟೋ ಸಲ ಇರದಿದ್ದರೂ.

ಪ್ರೊಪೆಲ್ಲರ್ ನೆಲಕ್ಕೋ ಬೇರಾವ ವಸ್ತುವಿಗೋ ತಗುಲಿದ್ದರೆ ಹೊರಗಿನಿಂದ ಎಷ್ಟು ಚೆನ್ನಾಗಿ ಕಂಡರೂ ಸಾಲದು. ಇಂಜಿನ್ ಓಡುತ್ತಿತ್ತೋ ನಿಂತಿತ್ತೋ ಎಂಬುದನ್ನು ಲೆಕ್ಕಿಸದೆ, ಸಣ್ಣ ಕಚ್ಚನ್ನು ನಯಗೊಳಿಸುವುದಕ್ಕಿಂತ ಹೆಚ್ಚಿನ ದುರಸ್ತಿ ಪ್ರೊಪೆಲ್ಲರಿಗೆ ಬೇಕಾದ ಯಾವುದೇ ಪ್ರಸಂಗವನ್ನು ಲೈಕಮಿಂಗ್ ಕಂಪನಿ ಪ್ರೊಪೆಲ್ಲರ್ ಬಡಿತವೆಂದೇ ಪರಿಗಣಿಸಿ ಇಂಜಿನ್ನಿನ ತಪಾಸಣೆಯನ್ನೂ ಕೇಳುತ್ತದೆ. ಸಿಡಿಲು ಬಡಿದ ಪ್ರೊಪೆಲ್ಲರನ್ನೂ ಕೈಪಿಡಿಯಂತೆ ಪರೀಕ್ಷಿಸದೆ ಹಾರಿಸುವಂತಿಲ್ಲ.

ಕೊನೆಯ ಕೆಲಸ ಬರವಣಿಗೆಯದು. ಸಿಕ್ಕ ಪ್ರತಿಯೊಂದು ಕಚ್ಚನ್ನೂ ಯಾವ ಬ್ಲೇಡು, ಬುಡದಿಂದ ಎಷ್ಟು ದೂರ, ಯಾವ ಅಂಚು, ಆಳ ಎಷ್ಟು, ಏನು ಮಾಡಲಾಯಿತು ಎಂದು ಲಾಗ್‌ಬುಕ್ಕಿನಲ್ಲಿ ಬರೆದಿಡಿ. ಆ ಮಾದರಿಗೆ ಹೊರಟಿರುವ ವಾಯುಯೋಗ್ಯತಾ ನಿರ್ದೇಶನಗಳ, ಅಂದರೆ ವಿಮಾನಯಾನ ಪ್ರಾಧಿಕಾರದ ಸುರಕ್ಷತಾ ಆದೇಶಗಳ, ಪಾಲನೆಯನ್ನೂ, ಪೂರ್ಣ ದುರಸ್ತಿಗೆ ತಯಾರಕರು ಗೊತ್ತುಮಾಡಿದ ಗಂಟೆ ಮತ್ತು ವರ್ಷ ಎರಡರಲ್ಲಿ ಮೊದಲು ಬರುವುದನ್ನೂ ಅದೇ ಪುಟದಲ್ಲಿ ಗುರುತಿಸಿ. ಕಡಿಮೆ ಹಾರುವ ವಿಮಾನಗಳಲ್ಲಿ ವರ್ಷದ ಮಿತಿಯೇ ಮೊದಲು ಮುಟ್ಟುತ್ತದೆ, ಏಕೆಂದರೆ ನಿಂತ ವಿಮಾನಕ್ಕೆ ದಣಿವಿಲ್ಲದಿದ್ದರೂ ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ. ಪ್ರೊಪೆಲ್ಲರನ್ನು ಬಿಚ್ಚಿ ಜೋಡಿಸಿದ್ದರೆ ಮೊದಲ ಹಾರಾಟ ಮುಗಿದು ವಿಮಾನ ತಣ್ಣಗಾದ ಕೂಡಲೇ ಹಬ್‌ನ ಸುತ್ತ ಬಿಳಿಬಟ್ಟೆಯಿಂದ ಒರೆಸಿ, ಬಟ್ಟೆಗೆ ಏನು ಅಂಟಿದೆ ಎಂಬುದನ್ನು ಅದೇ ಸಾಲಿನ ಕೆಳಗೆ ಬರೆಯಿರಿ.